ಡೊಂಬಿವಲಿಯ ಮನೆಗೊಂದು ಫೈರ್‌ವಾಲ್

ಇಲ್ಲ ಮಾರಾಯ್ರೆ, ಸುಳ್ಳಲ್ಲ. ಡೊಂಬಿವಲಿಯ ಫ್ಲ್ಯಾಟಿಗೆ ಫೈರ್‌ವಾಲ್ ಕೂರಿಸಿದ ಮೊದಲ ಅಜ್ಜ ನಾನೇ. ಮಹಾಪೆಯ ಆಫೀಸಿನಿಂದ ನಾನೂ ಆ ಫೈರ್‌ವಾಲ್ ಡಬ್ಬಿಯೂ ಒಟ್ಟಿಗೇ ನಿವೃತ್ತರಾದೆವು. ಚೀಲದಲ್ಲಿ ಹಾಕಿ ಲೋಕಲ್ ರೈಲಿನಲ್ಲಿ ತರುವಾಗ, ಮುಂಬ್ರಾದ ಹತ್ತಿರ ಅದರ ಪ್ರತಾಪಕ್ಕೆ ಹೆದರಿ ಇಡೀ ಬೋಗಿಯ ಮೊಬೈಲುಗಳು ಬಾಯಿ ಮುಚ್ಚಿದವು. ಸುರಂಗದಿಂದ ಹಾಗಾಯಿತು ಎನ್ನುವವರು ಅನ್ನಲಿ!

ಡಬ್ಬಿಯೆಂದರೆ ಇಂಟರ್ನೆಟ್ಟಿನ ವಾಚ್‌ಮನ್. ಯಾರನ್ನು ಒಳಗೆ ಬಿಡಬೇಕೆಂದು ಅದಕ್ಕೊಂದು ಕಟ್ಟು ಮಾಡಿಕೊಡಬೇಕು. ಮೇಲ್, ವೆಬ್‌ಸೈಟ್, ವೀಡಿಯೊ ಕಾಲ್ ಎಲ್ಲ ಆ ಕಟ್ಟಿನಲ್ಲಿ. ಸರ್ವಿಸ್ ಗ್ರೂಪ್ ಎಂದು ಅದರ ಹೆಸರು. ಮೌಸ್ ಹಿಡಿದು ಮಾಡುವುದು ಮಕ್ಕಳಾಟ. ನಾನು ಕಪ್ಪು ಪರದೆಯಲ್ಲಿ ಕಮಾಂಡ್ ಬರೆದು ಆಳುವ ಚಕ್ರವರ್ತಿ.

ಆ ದಿನ ಮೊಮ್ಮಗಳು ನಿಶ್ಮಿತಾ ಬಂದಳು. "ಅಜ್ಜಾ, ಮೇರಾ ಗೇಮ್ ನಹೀ ಚಲ್ತಾ."

"ಗೇಮ್ ಓಡುವುದಿಲ್ವಾ? ಚಿಟಿಕೆ ಹೊಡೆಯುವುದರಲ್ಲಿ ಮಾಡಿಕೊಡ್ತೇನೆ" ಎಂದೆ. ಗ್ರೂಪಿಗೆ ‘ಸೆಟ್’ ಎಂದು ಗೇಮಿನ ಹೆಸರು ಬರೆದೆ. ಗೇಮ್ ಓಡಿತು. ಉಳಿದದ್ದೆಲ್ಲ ನಿಂತಿತು.

ಒಳಗಿನಿಂದ ನನ್ನ ಹೆಂಡತಿ ಸುಂದರಿ ಬಂದಳು. "ಅಕ್ಕನ ಮುಖ ಕಾಣುದಿಲ್ಲ. ಎಂತ ಮಾಡಿದ್ರಿ?"

ಉಡುಪಿಯ ಜಯಲತಕ್ಕನಿಗೆ ಕಿವಿ ಕೇಳುವುದಿಲ್ಲ. ಫೋನು ಉಪಯೋಗವಿಲ್ಲ. ಅಕ್ಕತಂಗಿಯರ ಮಾತೆಲ್ಲ ಪರದೆಯ ಮೇಲೆ, ಕೈಸನ್ನೆಯಲ್ಲಿ. ಅಂದು ಸಂಜೆ ಅಕ್ಕ ಆಪರೇಷನ್ನಿಗೆಂದು ಆಸ್ಪತ್ರೆ ಸೇರುವವಳಿದ್ದಳು.

"ಆ ಡಬ್ಬ ಕಿತ್ತು ಬದಿಗಿಡಿ ಮಾರಾಯ್ರೆ. ಅಕ್ಕ ಹೊರಡ್ತಾಳೆ."

"ಕೀಳುವುದಾ? ಇಡೀ ಆಫೀಸು ನಡೆಸಿದವನು ನಾನು. ಈಗ ಸರಿ ಮಾಡ್ತೇನೆ."

ಬರೆದೆ, ಅಳಿಸಿದೆ, ಬೆವರಿದೆ. ಸುಂದರಿ ಬೆನ್ನ ಹಿಂದೆಯೇ ನಿಂತಿದ್ದಳು. "ನೀವು ಯಾವಾಗಲೂ ಹೇಳುವ ಆ ಕಟ್ಟಿನಲ್ಲಿ ಈಗ ಯಾರೆಲ್ಲ ಇದ್ದಾರೆ?"

"ಗೇಮ್ ಮಾತ್ರ."

"ಸೊಸೆ ಬಂದಳೂಂತ ಮನೆಯವರನ್ನೆಲ್ಲ ಹೊರಗೆ ಹಾಕುದುಂಟಾ?"

ಆಗ ಹೊಳೆಯಿತು. ‘ಸೆಟ್’ ಎಂದರೆ ಹಳಬರನ್ನು ಓಡಿಸಿ ಹೊಸಬರನ್ನು ಕೂರಿಸುವುದು. ಇದ್ದವರ ಜೊತೆ ಸೇರಿಸಲು ‘ಅಪೆಂಡ್’ ಎಂದು ಬೇರೆ ಕಮಾಂಡ್ ಉಂಟು. ಅಡುಗೆಮನೆಯವಳಿಗೆ ತಿಳಿದದ್ದು ಚಕ್ರವರ್ತಿಗೆ ಮರೆತಿತ್ತು!

ಎಲ್ಲರನ್ನೂ ಮತ್ತೆ ಒಳಗೆ ಕರೆದೆ. ಪರದೆ ಬೆಳಗಿತು. ಅದರಲ್ಲಿ ಒಂದು ಖಾಲಿ ಕುರ್ಚಿ. ಅಕ್ಕನ ಸೊಸೆ ಬಗ್ಗಿ ನೋಡಿದಳು. "ಅತ್ತೆ ಇಷ್ಟೊತ್ತು ಇಲ್ಲೇ ಕೂತಿದ್ರು, ಚಿಕ್ಕಮ್ಮ. ರಿಕ್ಷಾ ಬಂತು, ಹೋದ್ರು."

ಅಕ್ಕ ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ.

ಚಹಾಕ್ಕೆ ಸಕ್ಕರೆ ಹೆಚ್ಚಾದರೆ ಬೈಯುವವಳು, ಒದ್ದೆ ಟವೆಲಿಗೆ ಬೈಯುವವಳು ಸುಂದರಿ. ಈ ವಿಷಯಕ್ಕೆ ಮಾತ್ರ ಒಂದು ಮಾತೂ ಆಡಲಿಲ್ಲ. ಬೇಕೆಂದೇ ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಹಾಕಿ ನೋಡಿದೆ. ಟವೆಲಿಗಷ್ಟೇ ಬೈದಳು. ಡಬ್ಬಿ ಅಟ್ಟ ಸೇರಿತು.

ಇಂದು ಅಕ್ಕನ ವರ್ಷಾಂತಿಕ. ಹೋದವರಿಗೆ ಎಲೆ ಬಡಿಸಿಟ್ಟ ಮೇಲೆಯೇ ನಮ್ಮ ಊಟ. ಅಕ್ಕನಿಗೆ ಇಷ್ಟವೆಂದು ಸುಂದರಿ ಪತ್ರೊಡೆ ಮಾಡಿದ್ದಾಳೆ. ಹಾಂ, ಕರೆಯುತ್ತಿದ್ದಾಳೆ.

"ಊಟಕ್ಕೆ ಬನ್ನಿ. ಅಕ್ಕನ ಎಲೆ ತೆಗ್ದು ನಿಮ್ಮದು ಹಾಕುದು ಬೇಡ. ಪಕ್ಕದಲ್ಲಿ ಹಾಕಿ."

ಕೇಳಿದಿರಲ್ಲ? ಕೊನೆಗೂ ಆ ‘ಸೆಟ್’ಗೆ ಬೈದಳು. ನಾನು ಹೊರಟೆ.