ಅನಾನಸಿನ ನಾರಿನ ಬಟ್ಟೆಯನ್ನು ನಾನು ಒಗೆದದ್ದು

ಮೀರಾ, ಮಾರ್ಕೊ, ನಿಮ್ಮ ಅಪ್ಪ ಅಮ್ಮನ ಮದುವೆಯನ್ನು ನಾನೇ ತಪ್ಪಿಸಲು ಹೊರಟಿದ್ದೆ ಎಂದು ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ. ನಾನು ಹೋದದ್ದು ಒಳ್ಳೆಯ ಹೆಸರು ತೆಗೆದುಕೊಳ್ಳಲಿಕ್ಕೆ.

ನಿಮ್ಮ ಅಜ್ಜ ತೀರಿಕೊಂಡ ಮರುವರ್ಷ ನಾನು ಉಡುಪಿ ಕಡೆಯಿಂದ ಸಮುದ್ರದಾಚೆ ಮಗಳಿದ್ದ ಊರು ಗಿರಾವೀನ್‌ಗೆ ಬಂದೆ. ನಿಮ್ಮ ಅಮ್ಮ ಶೈಲಾ, ಫಿಲಿಪೀನ್ಸ್‌ನ ಹುಡುಗ ಜೋಯಲ್‌ನನ್ನು ಮೆಚ್ಚಿದ್ದಳು. ನಾನು ಒಪ್ಪಿಯಾಗಿತ್ತು. ಅವನ ತಾಯಿ ಕೊರಾ ಮಾತ್ರ, ಹುಡುಗಿಯ ಮನೆಯವರನ್ನು ನೋಡದೆ ಏನೂ ಹೇಳುವುದಿಲ್ಲ ಎಂದಿದ್ದರು. ಮನೆಯವರು ಎಂದರೆ ನಾನೊಬ್ಬಳೇ. ಊರ ಶಾಲೆಯಲ್ಲಿ ಏಳನೆಯ ತರಗತಿ ಓದಿದವಳು, ಹೊಸಬರ ಎದುರು ನನ್ನ ಹೆಸರು ಹೇಳುವುದಕ್ಕೂ ನಾಚುವವಳು. ಆದರೂ ಅವರನ್ನು ನೋಡಲು ಹೊರಟ ದಿನ ಧೈರ್ಯವಿತ್ತು. ಕೊರಾ ಅವರದು ಹತ್ತಿರದ ಬ್ಲ್ಯಾಕ್‌ಟೌನ್‌ನಲ್ಲಿ ಕಾಫಿ ಅಂಗಡಿ. ಕಾಫಿ ಕುಡಿಯುವುದು ತಾನೆ, ಅದೇನು ಕಲಿಯಬೇಕಾದ ವಿದ್ಯೆಯೇ?

ಕಾರಿನಲ್ಲಿ ಶೈಲಾ ಎಚ್ಚರಿಸಿದಳು. "ಅಮ್ಮ, ಅಲ್ಲಿ ಎಂತದೂ ಮುಟ್ಟಬೇಡ. ಸುಮ್ಮನೆ ನಗಾಡು, ಸಾಕು."

"ಕಾಫಿ ಲೋಟ ಮುಟ್ಟಬಹುದಲ್ಲ?"

"ಅದೊಂದು ಮುಟ್ಟು, ಮಾರಾಯ್ತಿ."

ಅಂಗಡಿಯ ಬಾಗಿಲಲ್ಲೇ ನಾನು ನಿಂತುಬಿಟ್ಟೆ. ಮೇಲಿನಿಂದ ಚಿಪ್ಪಿನ ನಕ್ಷತ್ರದೀಪಗಳು ತೂಗುತ್ತಿದ್ದವು. ಗೋಡೆಯ ಮೇಲೆ ಆಳೆತ್ತರದ ಮರದ ಚಮಚ, ಜೊತೆಗೆ ಅಷ್ಟೇ ದೊಡ್ಡ ಫೋರ್ಕ್. ಭೀಮಸೇನ ಊಟ ಮುಗಿಸಿ ತೂಗುಹಾಕಿ ಹೋದಂತೆ. ಗಾಜಿನ ಕಪಾಟಿನಲ್ಲಿ ಗೆಣಸಿನಿಂದ ಮಾಡಿದ ನೇರಳೆ ಸಿಹಿ. ಅಂಥ ಬಣ್ಣವನ್ನು ರೇಷ್ಮೆ ಸೀರೆಯಲ್ಲಿ ಕಂಡಿದ್ದೆ, ತಟ್ಟೆಯಲ್ಲಿ ಕಂಡಿರಲಿಲ್ಲ. ಪಕ್ಕದಲ್ಲೇ ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ಅಕ್ಕಿ, ತೆಂಗಿನಹಾಲಿನ ಕಡುಬು. ಎಲೆಯ ಕೊಟ್ಟೆಯಲ್ಲಿ ಬೇಯಿಸುವ ನಮ್ಮ ಮೂಡೆಯ ತಂಗಿ! ಸಮುದ್ರ ದಾಟಿ ಬಂದು ನಮ್ಮ ಅಡುಗೆಯ ನೆಂಟರನ್ನು ಕಂಡು ನನಗೆ ಕಣ್ಣು ತುಂಬಿತು.

ಕೊರಾ ಕೈಹಿಡಿದು ನನ್ನನ್ನು ಮೂಲೆಯ ಮೇಜಿಗೆ ಕರೆದೊಯ್ದರು. ಅದರ ಮೇಲೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಹಾಸುಬಟ್ಟೆ.

"ಅನಾನಸಿನ ಎಲೆಯ ನಾರಿನಿಂದ ನೇಯ್ದದ್ದಂತೆ," ಎಂದು ಶೈಲಾ ಪಿಸುಗುಟ್ಟಿದಳು. "ಕಸೂತಿ ಅವರ ಅಮ್ಮ ಹಾಕಿದ್ದು. ನಿನಗೋಸ್ಕರ ಹಾಸಿದ್ದಾರೆ."

ಕಾಫಿ ಬಂತು. ಹಾಲಿನ ನೊರೆಯಲ್ಲಿ ಒಂದು ಎಲೆಯ ಚಿತ್ರ! ಇದನ್ನು ಕುಡಿಯುವುದೋ ಕೈಮುಗಿಯುವುದೋ ತಿಳಿಯಲಿಲ್ಲ. ಅಷ್ಟರಲ್ಲಿ ಮರ್ಯಾದೆ ನೆನಪಾಯಿತು. ಬೇರೆಯವರ ಲೋಟಕ್ಕೆ ತುಟಿ ತಾಗಿಸಿ ಎಂಜಲು ಮಾಡಬಾರದು, ಎತ್ತಿ ಕುಡಿಯಬೇಕು ಎಂದು ನನ್ನ ಅಮ್ಮ ಕಲಿಸಿದ್ದಳು. ತಲೆ ಹಿಂದಕ್ಕೆ ಬಾಗಿಸಿ, ಕಪ್ಪನ್ನು ಎತ್ತರಕ್ಕೆ ಹಿಡಿದು ಬಗ್ಗಿಸಿದೆ. ಏನೂ ಬೀಳಲಿಲ್ಲ. ನೊರೆ ಕದಲದೆ ಕೂತಿತ್ತು. ಇನ್ನಷ್ಟು ಬಗ್ಗಿಸಿದೆ. ಎಲೆ, ಕಾಂಡ, ಬೇರು ಸಮೇತ ಎಲ್ಲವೂ ಒಮ್ಮೆಗೇ ಇಳಿಯಿತು. ಬಾಯಿಗೆ ಸಿಕ್ಕಿದ್ದು ಸ್ವಲ್ಪ. ಉಳಿದದ್ದು ಮೂಗಿಗೆ, ಸೀರೆಗೆ, ಕಸೂತಿಗೆ.

ಕೊರಾ ತಿಂಡಿ ತರಲು ಒಳಗೆ ಹೋಗಿದ್ದರು. "ಅಮ್ಮ, ಎಂತ ಮಾಡಿದ್ದು ನೀನು," ಎನ್ನುತ್ತ ಶೈಲಾ ಟಿಶ್ಯೂ ಹುಡುಕಲು ಓಡಿದಳು. ಕಾಫಿ ಕಲೆ ಒಣಗಿದರೆ ಹೋಗುವುದಿಲ್ಲ. ಈ ಭೂಮಿಯ ಮೇಲೆ ನನಗೆ ಖಚಿತವಾಗಿ ತಿಳಿದಿದ್ದ ವಿಷಯ ಅದೊಂದೇ. ಬಟ್ಟೆಯನ್ನು ಎಳೆದುಕೊಂಡು ಬಾತ್‌ರೂಮಿಗೆ ನುಗ್ಗಿದೆ. ಒಗೆಯುವ ಕಲ್ಲಿರಲಿಲ್ಲ. ಕೈತೊಳೆಯುವ ಕಟ್ಟೆಯ ಅಂಚು ಕಲ್ಲಿನದೇ ಇತ್ತು. ಸಾಬೂನು ಹಚ್ಚಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೀಸಿ ಬಡಿದೆ. ಹೊರಗೆ ಅಂಗಡಿಯಲ್ಲಿ ಮಾತು ನಿಂತಿತು. ಇನ್ನೊಮ್ಮೆ ಬಡಿದೆ. ಕಲೆ ಹೋಯಿತು. ಬಟ್ಟೆ ಎರಡಾಯಿತು.

ತಿರುಗಿದರೆ ಬಾಗಿಲಲ್ಲಿ ಕೊರಾ. ಅವರ ಹಿಂದೆ ಬಿಳಿಚಿಕೊಂಡ ಶೈಲಾ. ಮಗಳ ಸಂಬಂಧ ಮುರಿಯಿತೆಂದೇ ತಿಳಿದು, ಒಂದೊಂದು ಕೈಯಲ್ಲಿ ಒಂದೊಂದು ತುಂಡು ಹಿಡಿದು ಕನ್ನಡದಲ್ಲೇ ಹೇಳಿದೆ: "ತಪ್ಪು ನನ್ನದು. ನನ್ನ ಮಗಳು ಹೀಗಲ್ಲ. ಅವಳು ಮೆಶಿನ್‌ನಲ್ಲಿ ಒಗೆಯುತ್ತಾಳೆ."

ಶೈಲಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಕೊರಾ ತುಂಡುಗಳನ್ನು ಬೆಳಕಿಗೆ ಹಿಡಿದು ತಮ್ಮ ತಾಯಿಯ ಹೂಗಳನ್ನು ನೋಡಿದರು. ಆಮೇಲೆ ಏನೋ ಅಂದರು. ಶೈಲಾ ಅಳುತ್ತಲೇ ನಗತೊಡಗಿದಳು.

"ಎಂತ ಹೇಳಿದ್ರು?"

"ಹೊರಗಿನವರು ಹರಿದಿದ್ರೆ ಪೊಲೀಸಿಗೆ ಫೋನ್ ಮಾಡ್ತಿದ್ರಂತೆ. ಹಾಗಾಗಿ ನಿನ್ನನ್ನು ಬೇಗ ಬೀಗಿತ್ತಿ ಮಾಡ್ಕೊಳ್ಬೇಕಂತೆ."

ಆ ಕೊರಾ ಈಗ ನಿಮ್ಮ ಲೋಲಾ, ಅಂದರೆ ಅವರ ಭಾಷೆಯ ಅಜ್ಜಿ. ಹಬ್ಬ ಬಂದರೆ ಸಾಕು, ಈ ಕಥೆ ತೆಗೆಯುತ್ತಾರೆ. ಹೇಳಿದಂತೆಲ್ಲ ಅದು ಬೆಳೆಯುತ್ತಿದೆ. ಕಳೆದ ಸಲ ನಾನು ಕಟ್ಟೆಯನ್ನೂ ಒಡೆದಿದ್ದೆನಂತೆ. ಇಂಗ್ಲಿಷ್ ಬಾರದ ನಾನು ಪಕ್ಕದಲ್ಲೇ ಕೂತು, ಹೌದು ಹೌದೆಂದು ತಲೆಯಾಡಿಸಿದ್ದೆ. ಆದುದರಿಂದ ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿಡಿ. ನಾನು ಹಾಳುಮಾಡಿದ್ದು ಬಟ್ಟೆಯೊಂದನ್ನೇ ಎನ್ನುವುದಕ್ಕೆ ಬೇರೆ ಸಾಕ್ಷಿಯಿಲ್ಲ.