ಹೊಸ್ತಿಲ ಮೇಲಿನ ಛತ್ರಿ ಮುದುಕ

“ಈ ಸಲ ಆ ಬಾಗಿಲದ ಒಳಗ ಏನದ ಅಂತ ನೋಡಲಿಲ್ಲಂದ್ರ ನನ್ನ ಹೆಸರು ಅಮರನಾಥನೇ ಅಲ್ಲ.”

ಸೇಡಂ ರಸ್ತೆಯ ಬಾಡಿಗೆ ಮನೆಯಲ್ಲಿ ಈ ಪ್ರತಿಜ್ಞೆ ಮೊಳಗಿದಾಗ, ಪುಂಡಿಪಲ್ಯದ ಸೊಪ್ಪು ಬಿಡಿಸುತ್ತಿದ್ದ ಹೆಂಡತಿ ಅಂಬಿಕಾ ತಲೆ ಎತ್ತದೆ, “ಬ್ಯಾರೆ ಹೆಸರ ಈಗೇ ಹುಡುಕಿಟ್ಟಿರ್ರಿ,” ಎಂದಳು.

ಬಾಗಿಲು ಇದ್ದದ್ದು ಟಿವಿಯೊಳಗೆ. ಅಮರನಾಥ ಚಿಕ್ಕಂದಿನಲ್ಲಿ ಆಡುತ್ತಿದ್ದ ವಿಡಿಯೋ ಗೇಮ್ ಶಹಾಬಜಾರದ ಗುಜರಿ ಅಂಗಡಿಯಲ್ಲಿ ಮತ್ತೆ ಸಿಕ್ಕಿತ್ತು. ಛತ್ರಿ ಹಿಡಿದ ಮುದುಕನೊಬ್ಬ ಬದನೇಕಾಯಿ ರಾಕ್ಷಸರನ್ನು ಬಡಿಯುತ್ತ, ಕಪ್ಪೆಗಳಿಗೆ ದಾರಿ ಕೇಳುತ್ತ ಅರಮನೆ ಸೇರುವ ವಿಚಿತ್ರ ಆಟ. ಆಗೆಲ್ಲ ಅರಮನೆಯ ಬಾಗಿಲು ಬಂತೆನ್ನುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಯಂತ್ರಕ್ಕೆ ನೆನಪಿನ ಶಕ್ತಿಯಿಲ್ಲ. ಆರಿತೆಂದರೆ ಮತ್ತೆ ಮೊದಲ ಬದನೇಕಾಯಿಯಿಂದಲೇ ಶುರು. ಒಳಗೇನಿದೆ ಎಂಬ ಕೊರಗು ಅವನ ಜೊತೆಗೇ ಬೆಳೆದು ದೊಡ್ಡದಾಗಿತ್ತು.

ಈಗ ಇನ್ವರ್ಟರ್ ಇತ್ತು. ಮುದುಕ ಹೊಸ್ತಿಲು ಹತ್ತಿದ. ಬಾಗಿಲು ಮಾತ್ರ ತೆರೆಯಲೊಲ್ಲದು! ಒದ್ದ, ಗುದ್ದಿದ, ಛತ್ರಿ ಬಿಚ್ಚಿದ, ಮಡಚಿದ. ಅಮರನಾಥನ ಹೆಬ್ಬೆರಳು ಬಾತುಹೋಯಿತು. ಟಿವಿ ಆರಿಸುವಂತಿಲ್ಲ, ಧಾರಾವಾಹಿ ಹಚ್ಚುವಂತಿಲ್ಲ. ಅಂಬಿಕಾ ಗಂಡನ ಜೊತೆ ಮಾತು ಕಡಿಮೆ ಮಾಡಿದಳು.

ಅಷ್ಟರಲ್ಲಿ ಕಮಲಾಪುರದಲ್ಲಿ ಗೆಳೆಯನ ಗೃಹಪ್ರವೇಶ ಬಂತು. ಮೊಣಕಾಲನ್ನು ಡಾಕ್ಟರಿಗೆ ತೋರಿಸಲು ಬಂದಿದ್ದ ಅತ್ತೆ ಚಂದಮ್ಮ ಮನೆಯಲ್ಲೇ ಉಳಿದರು.

“ಅತ್ತಿ, ಟಿವಿ, ಅದರ ಕೆಳಗಿನ ಆಟದ ಡಬ್ಬಿ, ಎರಡೂ ಬಂದ್ ಮಾಡಬ್ಯಾಡ್ರಿ. ನಿಮಗ ಕೈ ಮುಗೀತೀನಿ.”

“ನಾ ಯಾಕ ಬಂದ್ ಮಾಡಲಿ, ನಿಶ್ಚಿಂತಿಲೆ ಹೋಗಿಬರ್ರಿ.”

ಕಮಲಾಪುರದಲ್ಲಿ ಅಮರನಾಥನ ಹೋಳಿಗೆ ಎಲೆಯಲ್ಲೇ ಉಳಿಯಿತು. ಊರಿಗೆ ಹೆಸರು ತಂದ ಕೆಂಪು ಬಾಳೆಹಣ್ಣು ಸುಲಿದು ಸಿಪ್ಪೆಯನ್ನೇ ಬಾಯಿಗಿಟ್ಟುಕೊಂಡ. ಎಲ್ಲರೂ ಹೊಸ ಬಾಗಿಲಿಗೆ ಕೈ ಮುಗಿಯುತ್ತಿದ್ದರೆ ಅವನ ಕಣ್ಣಿಗೆ ಇನ್ನೊಂದೇ ಬಾಗಿಲು ಕಾಣುತ್ತಿತ್ತು.

ಸಂಜೆ ದೀಪ ಹಚ್ಚಿದ ಮೇಲೆ ಮನೆಗೆ ಬಂದರೆ ಟಿವಿ ಕಪ್ಪಗಿತ್ತು. ಡಬ್ಬಿಯೂ ಆರಿತ್ತು. ಅಮರನಾಥ ಚಪ್ಪಲಿ ಬಿಡದೆ ಒಳಗೆ ಓಡಿದ.

“ಏನ್ ಮಾಡಿದ್ರಿ ಅತ್ತಿ?”

“ದೀಪ ಹಚ್ಚೋ ಹೊತ್ತಿನಾಗ ಆ ಮುದುಕ ಹೊಸ್ತಿಲ ಮ್ಯಾಲ ನಿಂತಿದ್ದ. ಲಕ್ಷ್ಮಿ ಒಳಗ ಬರೋ ವ್ಯಾಳ್ಯಾಕ್ಕ ಹಂಗ ಅಡ್ಡ ನಿಂದರಬಾರದು ನೋಡ್ರಿ. ‘ಕೆಳಗ ಇಳಿಯಪಾ’ ಅಂತ ಗುಂಡಿ ಒತ್ತಿದೆ. ಇಳಿದು ಬಾಜೂಕ ಕುಂತ. ಕುಂತದ್ದೇ ತಡ, ಬಾಗಿಲಾ ತಾನೇ ತೆರೀತು.”

ಅಮರನಾಥ ಹಣೆ ಚಚ್ಚಿಕೊಂಡ. ಇಷ್ಟು ದಿನ ಒದ್ದದ್ದು, ಗುದ್ದಿದ್ದು ಎಲ್ಲ ಹೊಸ್ತಿಲ ಮೇಲೆ ನಿಂತೇ ಆಗಿತ್ತು. ಹೋಗಲಿ, ತೆರೆದದ್ದಂತೂ ತೆರೆಯಿತು.

“ಒಳಗ ಏನಿತ್ರೀ ಅತ್ತಿ? ಏನ್ ನೋಡಿದ್ರಿ?” ಅವನಿಗೆ ಅಳುವೇ ಬಂದಿತ್ತು.

ಚಂದಮ್ಮ ಸೆರಗು ಸರಿಮಾಡಿಕೊಂಡರು. “ಮಂದಿ ಮನಿಯಾಗ ನಾ ಯಾಕ ಹಣಿಕಿ ಹಾಕಲ್ರಿ? ಪಾಪ, ಅಂವ ಒಳಗ ಹ್ವಾದ. ನಾ ಮಾರಿ ಹೊಳ್ಳಿಸಿ ಎರಡೂ ಬಂದ್ ಮಾಡಿದೆ.”

ಅಂಬಿಕಾ ರಿಮೋಟ್ ತೆಗೆದುಕೊಂಡು ಧಾರಾವಾಹಿ ಹಚ್ಚಿದಳು.

“ಹೆಸರ ಏನ್ ಹುಡುಕೀರ್ರಿ?” ಎಂದಳು.