ಹಳೇ ಗಾಡಿ, ಹೊಸ ಹೆಸರು

ಹಳೇ ಕಾರು ಮಾರುವವರ ಮನೆಯಲ್ಲಿ ನಗಲು ಟಿವಿ ಬೇಕಾಗುವುದಿಲ್ಲ. ಬೆಳಿಗ್ಗೆ ಗೇಟು ತೆಗೆದರೆ ಸಾಕು, ಯಾರಾದರೊಬ್ಬರು ಕಾಗದವಿಲ್ಲದ ಗಾಡಿಯನ್ನೋ ಗಾಡಿಯಿಲ್ಲದ ಕಾಗದವನ್ನೋ ತಂದು ನಿಂತಿರುತ್ತಾರೆ.

ಬಾಗಲಕೋಟೆಯ ಅಂಚಿನಲ್ಲಿ ನಮ್ಮ ಅಂಗಡಿ. ತಗಡಿನ ನೆರಳು, ಅದರಡಿ ಏಳೆಂಟು ಕಾರು, ಮೂಲೆಯಲ್ಲಿ ನನ್ನ ಟೇಬಲ್ಲು. ಗಂಡ ಮೊದಲು ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದ. ಎಂಜಿನ್ನಿನ ಸದ್ದು ಕೇಳಿಯೇ ಅದರ ರೋಗ ಹೇಳುತ್ತಾನೆ. ಕಾಗದ ಕಂಡರೆ ಮಾತ್ರ ರೋಗ ಅವನಿಗೇ ಬರುತ್ತದೆ. ಮಂದಿಯ ಮೇಲೆ ನಂಬಿಕೆ ಇರಬೇಕು ಅನ್ನುತ್ತ ಬರೀ ಮಾತಿನ ಮೇಲೆ ಗಾಡಿ ಕೊಡಿಸುತ್ತಿದ್ದ. ಹಾಗೇ ಒಮ್ಮೆ ಬಾದಾಮಿಯ ನಿವೃತ್ತ ಮಾಸ್ತರರೊಬ್ಬರ ಕಾರು ಮಾರಿಸಿಕೊಟ್ಟ. ಕೊಂಡವನು ಹೆಸರು ಬದಲಿಸಲೇ ಇಲ್ಲ. ಎಂಟು ತಿಂಗಳ ಮೇಲೆ ಆ ಕಾರು ಹುನಗುಂದದಲ್ಲಿ ಯಾರದೋ ಕಂಪೌಂಡಿಗೆ ಗುದ್ದಿತು. ಪೊಲೀಸರು ಹುಡುಕಿಕೊಂಡು ಹೋದದ್ದು ಮಾಸ್ತರರ ಮನೆಗೆ.

ಮಾಸ್ತರರು ನಮ್ಮಲ್ಲಿಗೆ ಬಂದರು. ಬೈಯಲಿಲ್ಲ. ಒಂದು ತಂಬಿಗೆ ನೀರು ಕುಡಿದು, "ಮೂವತ್ತ ವರ್ಷ ಸಾಲ್ಯಾಗ ಹುಡುಗರ ಹಾಜರಿ ಕರದೇನಿ. ನಿನ್ನೆ ಠಾಣೆದಾಗ ನನ್ನ ಹಾಜರಿ ಕರದ್ರು," ಅಂದು ಎದ್ದು ಹೋದರು. ಗಂಡ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಇದ್ದಬದ್ದ ಫೈಲುಗಳನ್ನೆಲ್ಲ ತಂದು ನನ್ನ ಮುಂದೆ ಸುರಿದ.

ನಾನು ಓದಿದ್ದು ಹತ್ತನೆಯವರೆಗೆ. ಆದರೆ ಆರ್‌ಸಿ, ವಿಮೆ, ಹೊಗೆ ತಪಾಸಣೆಯ ಚೀಟಿ, ಹೆಸರು ವರ್ಗಾವಣೆಯ ಫಾರಂ, ಇವೆಲ್ಲ ಹತ್ತನೆಯ ಗಣಿತಕ್ಕಿಂತ ಸರಳ. ನನ್ನ ನಿಯಮ ಒಂದೇ: ಕಾಗದ ಪೂರ್ತಿಯಾಗದೆ ಗಾಡಿ ಗೇಟು ದಾಟುವುದಿಲ್ಲ. ಇದರ ಗಾಳಿ ಯುಕೆಜಿ ಓದುವ ಮಗಳಿಗೂ ತಾಗಿದೆ. ಮನೆಗೆ ಬಂದವರನ್ನೆಲ್ಲ "ಒರಿಜಿನಲ್ ತಂದೀರೇನು?" ಅಂತ ಕೇಳುತ್ತಾಳೆ. ಮೊನ್ನೆ ನಮ್ಮ ಅತ್ತೆಯನ್ನೂ ಕೇಳಿದಳು.

ಈಗ ಹಳೇ ಗಾಡಿ ಮಾರುವವರು ಸರಕಾರದ ಸರ್ಟಿಫಿಕೇಟ್ ಪಡೆಯಬೇಕು. ಅರ್ಜಿ ಹಾಕಿದೆವು. ಇನ್ಸ್‌ಪೆಕ್ಟರ್ ಯಾವತ್ತಾದರೂ ಬಂದು ನೋಡುತ್ತಾರೆ ಅಂದರು. ಸರ್ಟಿಫಿಕೇಟ್ ಸಿಗದಿದ್ದರೆ ನಮ್ಮ ಗೇಟಿಗೆ ಬೀಗ, ಗಂಡ ಮತ್ತೆ ಯಾರದೋ ಗ್ಯಾರೇಜಿನಲ್ಲಿ ಯಾರದೋ ಗಾಡಿಯ ಕೆಳಗೆ. ಹಾಗೆ ಕಾಯುತ್ತಿದ್ದ ದಿನಗಳಲ್ಲಿ ನಡೆದವು ಇವು.

ಗುಟ್ಟಿನ ಅಂಕಿ

ಪಟ್ಟದಕಲ್ಲಿನಲ್ಲಿ ಸಣ್ಣ ಅಂಗಡಿ ಇಟ್ಟಿರುವ ಅಜ್ಜ ಒಬ್ಬರು ತಮ್ಮ ಕಾರನ್ನು ನಮಗೆ ಕೊಟ್ಟಿದ್ದರು. ಹೆಸರು ಬದಲಿಸುವಾಗ ಮಾಲೀಕರ ಮೊಬೈಲಿಗೆ ಓಟಿಪಿ ಹೋಗುತ್ತದೆ. ನಾನು ಫೋನ್ ಮಾಡಿ, ಆರು ಅಂಕಿ ಬಂದಿವೆ, ಓದಿ ಹೇಳಿರಿ ಅಂದೆ. ಅಜ್ಜ ಫೋನ್ ಇಟ್ಟೇಬಿಟ್ಟರು. ಮತ್ತೆ ಮಾಡಿದರೆ, ಇದನ್ನು ಹೆತ್ತ ಮಗನಿಗೂ ಹೇಳಬೇಡ ಅಂತ ಬ್ಯಾಂಕಿನವರು ಹೇಳಿದ್ದಾರೆ, ನೀನು ಯಾರ ಮಗಳು ಅಂತ ಕೇಳಿದರು. ಗುರುತಿಗೆಂದು ನಾನು ಕಾರಿನ ಬಣ್ಣ ಹೇಳಿದೆ, ನಂಬರು ಹೇಳಿದೆ, ನಮ್ಮಲ್ಲಿ ಚಹಾಕ್ಕೆ ಮೇಲೊಂದು ಚಮಚ ಸಕ್ಕರೆ ಹಾಕಿಸಿಕೊಂಡದ್ದನ್ನೂ ಹೇಳಿದೆ. "ಕಳ್ಳರಿಗೂ ಎಲ್ಲಾ ಗೊತ್ತಿರತೈತಿ," ಅಂದರು.

ಮರುದಿನ ಅಜ್ಜ ಬಾದಾಮಿಯಲ್ಲಿ ಬಸ್ಸು ಬದಲಿಸಿ, ಫೋನನ್ನು ಬನಿಯನ್ನಿನ ಕಿಸೆಯಲ್ಲಿಟ್ಟುಕೊಂಡು ತಾವೇ ಬಂದರು. ಮೊದಲು ನನ್ನ ಗಂಡನನ್ನು ಹೊರಗೆ ಕಳಿಸಿದರು. ಹೊಸ ಓಟಿಪಿ ಬಂದಾಗ ಫೋನಿಗೆ ಅಂಗೈ ಅಡ್ಡ ಹಿಡಿದು, ನನ್ನ ಕಿವಿಯ ಹತ್ತಿರ ಬಗ್ಗಿ, ಒಂದೊಂದೇ ಅಂಕಿ ಹೇಳಿದರು. ಕೆಲಸ ಆಯಿತು. ಇನ್ನು ಇದನ್ನು ಎಲ್ಲಿ ಮುಚ್ಚಿಡುತ್ತಿ ಅಂತ ಕೇಳಿದರು. ಮುಚ್ಚಿಡುವುದೇನೂ ಇಲ್ಲ, ಅದರ ಕೆಲಸ ಮುಗಿಯಿತು, ಇನ್ನು ಯಾರಿಗೆ ಗೊತ್ತಾದರೂ ನಡೆಯುತ್ತದೆ ಅಂದೆ.

ಅಜ್ಜ ಎದ್ದು ಚಪ್ಪಲಿ ಹಾಕಿಕೊಂಡರು. "ಹಂಗಾರ ನಿನ್ನ ಗಂಡಗೂ ಹೇಳಿ ಹೋಗ್ತೇನಿ. ಪಾಪ, ಹೊರಗ ಮಾರಿ ಸಣ್ಣದ ಮಾಡ್ಕೊಂಡ ನಿಂತಾನ."

ಕೌಂಟರಿನಲ್ಲಿ ಒಡಪು

ಇಳಕಲ್ಲಿನ ಅವ್ವ ಒಬ್ಬರು ಕಾರು ಮಾರಲು ಬಂದರು. ಕಾರು ತೀರಿಕೊಂಡ ಗಂಡನ ಹೆಸರಿನಲ್ಲಿತ್ತು. ಮೊದಲು ಅದು ಅವರ ಹೆಸರಿಗೆ ಬರಬೇಕು, ಆಮೇಲೆ ಮಾರಾಟ. ಮರಣ ಪತ್ರ, ವಾರಸಾ ಕಾಗದ ಎಲ್ಲ ಜೋಡಿಸಿ, ನಾನೇ ಕಚೇರಿಗೆ ಕರೆದುಕೊಂಡು ಹೋದೆ.

ಕೌಂಟರಿನ ಗುಮಾಸ್ತ ಗಾಡಿ ಯಾರದು ಅಂದ. ನಮ್ಮ ಮನೆಯವರದು ಅಂದರು ಅವ್ವ. ಮನೆಯವರ ಹೆಸರು ಅಂದ. ಅವ್ವ ನೆಲ ನೋಡಿದರು. ನಲವತ್ತು ವರ್ಷದ ಸಂಸಾರದಲ್ಲಿ ಒಮ್ಮೆಯೂ ಗಂಡನ ಹೆಸರು ಹಿಡಿದು ಕರೆದವರಲ್ಲ. ಕಾಗದ ನಿನ್ನ ಕೈಯಲ್ಲೇ ಇದೆಯಲ್ಲ ತಮ್ಮಾ, ಓದಿಕೋ ಅಂದರು. ಅವನೂ ಕೆಟ್ಟವನಲ್ಲ. ವಾರಸುದಾರರ ಬಾಯಿಂದಲೇ ಕೇಳಿ ಟಿಕ್ ಹಾಕಬೇಕು ಅಂದ. ನಾನು ಹೇಳುತ್ತೇನೆ ಅಂದರೆ, ನೀವು ವಾರಸುದಾರರೇನು ಅಂದ. ಹಿಂದಿನ ಸಾಲು ಬೆಳೆಯುತ್ತಿತ್ತು. ಕೊನೆಗೆ ಸಾಲಿನಲ್ಲಿದ್ದ ಹೆಂಗಸೊಬ್ಬಳು, "ಒಡಪ ಹಾಕಿ ಹೇಳ್ರಿ ಯವ್ವಾ, ಮದವ್ಯಾಗ ಹೇಳಿರಿಲ್ಲೋ?" ಅಂದಳು.

ಅವ್ವ ಸೆರಗು ಸರಿ ಮಾಡಿಕೊಂಡರು. ಗಂಡನ ಹೆಸರು ಕೊನೆಗೆ ಬರುವಂತೆ ಪ್ರಾಸ ಕಟ್ಟಿ ಒಡಪು ಹೇಳಿದರು.

"ಇಳಕಲ್ ಸೀರಿಗೆ ಟೋಪತೆನಿ ಸೆರಗ,
ಮುಂದಿನ ಸೀಟಿನ್ಯಾಗ ಕೂತೆ ಇವರ ಮಗ್ಗಲಾಗ,
ಹಾರ್ನ್ ಹೊಡದ್ರ ತಿಳೀತಿತ್ತು ಓಣಿಗೆಲ್ಲ,
ಸಂಗಪ್ಪನವರ ಹೆಸರ ನಾ ಮರಿಯೂದಿಲ್ಲ."

ಹೇಳಿ ಮುಗಿಸಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನನ್ನ ಕಣ್ಣೂ ಒದ್ದೆಯಾಯಿತು. ಗುಮಾಸ್ತ ಪೆನ್ನು ಎತ್ತಿಕೊಂಡ. ಟಿಕ್ ಹಾಕಿದ. ಆಮೇಲೆ ಫಾರಂ ನೋಡಿ, ತಪ್ಪು ಮಾಡಿದವನಂತೆ ಮೆಲ್ಲಗೆ, "ಅವ್ವಾರ, ಅವರ ತಂದಿ ಹೆಸರು?" ಅಂದ.

ಮಾವನ ಹೆಸರು! ಅವ್ವ ಕುರ್ಚಿ ಎಳೆದುಕೊಂಡು ಕೂತರು. "ಇನ್ನೊಂದ ಒಡಪ ಕಟ್ಟಬೇಕಾತು. ಈ ಸಾಲ ನಡಸ್ತಿರು ತಮ್ಮಾ, ಆದಕೂಡ್ಲೇ ಹೇಳ್ತೇನಿ."

ಒಳ್ಳೇ ಗಳಿಗೆ

ಗಾಡಿ ಒಪ್ಪಿಸುವಾಗ ನಾವೊಂದು ಪತ್ರ ಬರೆಯುತ್ತೇವೆ. ಇಂಥ ದಿನ, ಇಂಥ ಹೊತ್ತಿನಿಂದ ಈ ಗಾಡಿಯ ಒಳ್ಳೆಯದು ಕೆಟ್ಟದ್ದಕ್ಕೆಲ್ಲ ಕೊಂಡವರೇ ಹೊಣೆ ಅಂತ. ಹುನಗುಂದದ ಗಿರಾಕಿಯೊಬ್ಬರಿಗೆ ಸ್ವಾಮಿಗಳು ಬೆಳಿಗ್ಗೆ ಆರೂಕಾಲಿನ ಮುಹೂರ್ತ ಕೊಟ್ಟಿದ್ದರು. ಅವರು ಬಂದದ್ದು ಹನ್ನೊಂದಕ್ಕೆ. ಬಸ್ಸು ತಪ್ಪಿತಂತೆ. ಪತ್ರದಲ್ಲಿ ಆರೂಕಾಲು ಅಂತಲೇ ಬರೆಯಿರಿ, ದೇವರು ಕಾಗದ ನೋಡುತ್ತಾನೆಯೇ ಹೊರತು ಗಡಿಯಾರ ನೋಡುವುದಿಲ್ಲ ಅಂದರು. ನಾನು ಆಗುವುದಿಲ್ಲ ಅಂದೆ. ಮಗಳಿಗೆ ಹಾಲು ಕೊಡಲು ಒಳಗೆ ಹೋಗಿ ಬರುವಷ್ಟರಲ್ಲಿ, ಮೆತ್ತಗಿನ ಮನಸ್ಸಿನ ನನ್ನ ಗಂಡ ಆರೂಕಾಲು ಅಂತ ಬರೆದು ಸಹಿಯನ್ನೂ ಹಾಕಿದ್ದ.

ವಾರದ ನಂತರ ಗಿರಾಕಿ ಮೊಬೈಲ್ ಹಿಡಿದುಕೊಂಡು ಬಂದರು. ಅದೇ ದಿನ ಎಂಟೂ ನಲವತ್ತಕ್ಕೆ ಸೀಟ್ ಬೆಲ್ಟ್ ಹಾಕದೆ ಓಡಿಸಿದ್ದಕ್ಕೆ ದಂಡ, ಜೊತೆಗೆ ಕ್ಯಾಮೆರಾದ ಫೋಟೋ. ಫೋಟೋದಲ್ಲಿ ಇದ್ದವನು ನನ್ನ ಗಂಡ. ಗಾಡಿ ತೊಳೆಸಲು ಒಯ್ಯುತ್ತಿದ್ದವನು ಬಾಯಿ ಇಷ್ಟಗಲ ತೆಗೆದು ಆಕಳಿಸುತ್ತಿದ್ದ. ಪತ್ರದ ಪ್ರಕಾರ ಆ ಹೊತ್ತಿಗೆ ಗಾಡಿ ಗಿರಾಕಿಯದು. ನಾನು ಗಂಡನ ಮುಖ ನೋಡಿದೆ. ಅವನು ತಾನೇ ದಂಡ ಕಟ್ಟಿದ.

ಗಿರಾಕಿಗೆ ಮಾತ್ರ ಖುಷಿಯೋ ಖುಷಿ. "ಮುಹೂರ್ತ ಖರೇನ ಭಾಳ ಚಲೋ ಇತ್ರಿ. ಗಾಡಿ ನನ್ನ ಕೈಗೆ ಬರೂದ್ರಾಗ ಅದರ ಪೀಡಾ ಎಲ್ಲಾ ನಿಮ್ಮವರ ಮ್ಯಾಲ ಹೋತು."

ಅವತ್ತು ಗಂಡನಿಗೆ ಕಟ್ಟುನಿಟ್ಟಾಗಿ ಹೇಳಿದೆ: ಇನ್ನು ಮೇಲೆ ಯಾವ ಕಾಗದದಲ್ಲೂ ಒಂದಕ್ಷರ ಸುಳ್ಳು ಬರೆಯಕೂಡದು. ಬರೆದರೆ ನಾನು ತವರಿಗೆ.

ಓಡಾಟದ ರಜಿಸ್ಟರ್

ಅವನು ನನ್ನ ಮಾತು ನಡೆಸಿದ. ಎಷ್ಟು ನಡೆಸಿದ ಅನ್ನುವುದು ಇನ್ಸ್‌ಪೆಕ್ಟರ್ ಬಂದ ದಿನ ಗೊತ್ತಾಯಿತು.

ಮಾರಾಟಕ್ಕೆ ನಿಂತ ಗಾಡಿಯನ್ನು ನಾವು ಮನಸ್ಸಿಗೆ ಬಂದಂತೆ ಓಡಿಸುವಂತಿಲ್ಲ. ಗಿರಾಕಿಗೆ ತೋರಿಸಲು, ರಿಪೇರಿಗೆ, ಹೊಗೆ ತಪಾಸಣೆಗೆ, ಇಂಥದಕ್ಕೆ ಮಾತ್ರ ಹೊರಗೆ ಒಯ್ಯಬೇಕು. ಎಲ್ಲಿಗೆ, ಯಾಕೆ, ಎಷ್ಟು ಕಿಲೋಮೀಟರ್ ಅಂತ ಬರೆದಿಡಬೇಕು. ರೂಢಿಯಾಗಲಿ ಅಂತ ಅರ್ಜಿ ಹಾಕಿದ ದಿನದಿಂದಲೇ ಒಂದು ರಜಿಸ್ಟರ್ ಗೆರೆ ಹಾಕಿ ಗಂಡನಿಗೆ ಕೊಟ್ಟಿದ್ದೆ. ಅದನ್ನು ತೆರೆದು ನೋಡಿರಲಿಲ್ಲ, ಯಾಕೆಂದರೆ ನಡುವೆ ನಾನು ಅವನ ಜೊತೆ ಮಾತು ಬಿಟ್ಟಿದ್ದೆ. ಕಾರಣ ಒಂದು ಬಿಳೀ ಕಾರು. ಅದರ ಮೇಲಿನ ಸಾಲ ತೀರಿತ್ತು. ಸಾಲ ತೀರಿದೆ ಅಂತ ಬ್ಯಾಂಕು ಕೊಡುವ ಎನ್‌ಒಸಿ ಪತ್ರ ಬಾದಾಮಿಯಿಂದ ತರಬೇಕಿತ್ತು. ಅದಿಲ್ಲದೆ ಹೆಸರು ಬದಲಾಗುವುದಿಲ್ಲ. ನಾಳೆ ತರುತ್ತೇನೆ ಅನ್ನುತ್ತ ಅವನು ಮೂರು ವಾರ ಕಳೆದಿದ್ದ. ಕೊನೆಗೆ ತಂದ, ಅದು ಬೇರೆ ಮಾತು.

ಇನ್ಸ್‌ಪೆಕ್ಟರ್ ಫೈಲುಗಳನ್ನೆಲ್ಲ ನೋಡಿದರು. ಒಂದೂ ತಪ್ಪು ಸಿಗಲಿಲ್ಲ. ನಾನು ಒಳಗೊಳಗೇ ಹಿಗ್ಗಿದೆ. ಆಮೇಲೆ ರಜಿಸ್ಟರ್ ತೆರೆದು ಗಟ್ಟಿಯಾಗಿ ಓದತೊಡಗಿದರು.

"ಅಮೀನಗಡ. ಉದ್ದೇಶ: ಮನೆಯವಳು ಮಾತು ಬಿಟ್ಟಿದ್ದಾಳೆ, ಕರದಂಟು ತರಲು. ಶರಾ: ಮಾತು ಬರಲಿಲ್ಲ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಅಮೀನಗಡ. ಉದ್ದೇಶ: ಅದೇ. ಈ ಸಲ ತುಪ್ಪದ್ದು. ಶರಾ: ತಿಂದಳು. ಮಾತು ಬರಲಿಲ್ಲ."

"ಬನಶಂಕರಿ. ಉದ್ದೇಶ: ಬೇಡಿಕೊಳ್ಳಲು. ಶರಾ: ಗಾಡಿಯ ಬ್ರೇಕ್ ಚೆನ್ನಾಗಿದೆ."

ಇದು ತಪ್ಪಲ್ಲವೇ ಅಂತ ಇನ್ಸ್‌ಪೆಕ್ಟರ್ ಕೇಳಿದರು. ತಪ್ಪು ಹೌದು, ಆದರೆ ಸುಳ್ಳು ಬರೆಯಬೇಡ ಅಂದಿದ್ದಾಳೆ ಅಂತ ಗಂಡ ನನ್ನತ್ತ ಕೈ ತೋರಿಸಿದ. ಬೀಗ ಬಿತ್ತು ಅಂದುಕೊಂಡೆ. ಅವರು ಎದ್ದು ಒಂದೊಂದೇ ಗಾಡಿಯ ಮೀಟರ್ ನೋಡಿ, ರಜಿಸ್ಟರಿನ ಕಿಲೋಮೀಟರಿಗೆ ತಾಳೆ ಹಾಕುತ್ತ ಹೋದರು. ಸುಮಾರು ಹೊತ್ತು ಹಿಡಿಯಿತು. ತಿರುಗಿ ಬಂದಾಗ ಮುಖ ಸಡಿಲಾಗಿತ್ತು.

"ಎಲ್ಲಾ ಕಡೆ ಟ್ರಯಲ್, ಟ್ರಯಲ್ ಅಂತ ಚಂದಾಗಿ ಬರ್ದಿರ್ತಾರ. ಮೀಟರ್ ಹೊಂದೂದಿಲ್ಲ. ನಿಮ್ಮಲ್ಲಿ ಒಂದ ಕಿಲೋಮೀಟರ್ ಹೆಚ್ಚುಕಮ್ಮಿ ಇಲ್ಲ. ಇನ್ನ ಮ್ಯಾಲ ಕರದಂಟಿಗೆ ನಿಮ್ಮ ಸ್ವಂತ ಬೈಕ್ ಒಯ್ರಿ. ಸರ್ಟಿಫಿಕೇಟಿಗೆ ನಾ ಬರದ ಕಳಸ್ತೇನಿ."

ನಾನು ಚಹಾ ತರಲು ಎದ್ದೆ. ಬಾಗಿಲ ಹಿಂದೆ ಹೋಗುತ್ತಲೇ ಅವರು ಮತ್ತೆ ರಜಿಸ್ಟರ್ ತೆರೆದ ಸದ್ದು ಕೇಳಿತು. ಆಮೇಲೆ ನಾನೇ ನೋಡಿದೆ, ಒಂದು ಸಾಲಿನಲ್ಲಿ ಶರಾ ಅಂತ ಇದ್ದ ಕಡೆ "ಮಾತು ಬಂತು" ಅಂತ ಬರೆದಿತ್ತು. ಉದ್ದೇಶದ ಜಾಗದಲ್ಲಿ ಮಗಳು ಅಂಗಡಿಯ ಸೀಲು ಒತ್ತಿ ಒತ್ತಿ ಅಕ್ಷರವೇ ಕಾಣದಂತೆ ಮಾಡಿದ್ದಳು. ಇನ್ಸ್‌ಪೆಕ್ಟರ್ ದನಿ ತಗ್ಗಿಸಿದರು.

"ಅವತ್ತ ಏನ ತಂದಕೊಟ್ರಿ? ಯಾವ ಅಂಗಡಿದು? ನಮ್ಮ ಮನ್ಯಾಗೂ ಮಾತ ಬಿಟ್ಟ ನಾಕ ದಿನ ಆತ್ರಿ."

ಗಂಡ ಅಂದ, "ಅವತ್ತ ತಿನ್ನೂದೇನೂ ತಂದಿರ್ಲಿಲ್ರಿ ಸರ್. ಬ್ಯಾಂಕಿನ ಎನ್‌ಒಸಿ ತಂದಿದ್ದೆ."